ಮೊದಲ ನೀರಿನ ಬೈಗುಳ

ನಮ್ಮೂರಿನಲ್ಲಿ ಬೈಸಿಕೊಳ್ಳದ ವಸ್ತು ಕೆಲಸಕ್ಕೆ ಬರುವುದಿಲ್ಲ. ಗಡಿಗೆಗೆ ಕುಂಬಾರ ಬೈಯದಿದ್ದರೆ ನೀರು ನಿಲ್ಲುವುದಿಲ್ಲ. ಬಾಗಿಲಿಗೆ ಬಡಿಗ ಬೈಯದಿದ್ದರೆ ಅಗುಳಿ ಹಾಕಿ ಮಲಗಿದರೂ ಅದು ತಾನಾಗಿ ತೆರೆದುಕೊಂಡು, ಬೆಳಗಾಗುವುದರೊಳಗೆ ಓಣಿಯ ನಾಯಿ ಒಲೆಯ ಮುಂದೆ ಮಲಗಿರುತ್ತದೆ. ಚಪ್ಪಲಿ ಹೊಲಿಯುವ ಯಂಕೋಬ ಎಡಗಾಲಿನದಕ್ಕೆ ಬೇರೆ, ಬಲಗಾಲಿನದಕ್ಕೆ ಬೇರೆ ಬೈಯುತ್ತಾನೆ. ಒಮ್ಮೆ ಮದುವೆಯ ಗಡಿಬಿಡಿಯಲ್ಲಿ ಬಲಗಾಲಿನದನ್ನು ಮರೆತುಬಿಟ್ಟ; ಆ ಮದುಮಗ ಬೀಗರ ಮನೆಗೆ ಕುಂಟಿಕೊಂಡೇ ಹೋದ. ಬೇರೆ ಊರಿನಿಂದ ಸೊಸೆಯರಾಗಿ ಬಂದ ಹುಡುಗಿಯರು ಮೊದಮೊದಲು ಮೂಲೆಯಲ್ಲಿ ಕೂತು ಅಳುತ್ತಾರೆ, ಈ ಮನೆಯಲ್ಲಿ ಎದ್ದರೆ ಕೂತರೆ ಬರೀ ಬೈಗುಳ ಎಂದು. ಮುಂದಿನ ಹಬ್ಬಕ್ಕೆ ತವರಿಗೆ ಹೋದಾಗ ಅಲ್ಲಿಯ ಕೊಡಕ್ಕೂ ಬೈದು, ಅವ್ವನ ಕೈಯಲ್ಲಿ ತಾವೂ ಬೈಸಿಕೊಂಡು ಬರುತ್ತಾರೆ.

ಹಾಗಂತ ಬಾಯಿಗೆ ಬಂದದ್ದನ್ನು ಒದರಿದರೆ ಆಗುವುದಿಲ್ಲ. ಬೈಗುಳ ಹೊಟ್ಟೆಯಿಂದ ಬರಬೇಕು. ಇದು ನಾಳೆ ನಮ್ಮವರ ಕೈಗೆ ಹೋಗುತ್ತದೆ, ಅವರನ್ನು ನಡುದಾರಿಯಲ್ಲಿ ಕೈಬಿಟ್ಟರೆ ಹೇಗೆ ಎನ್ನುವ ಸಂಕಟವೇ ಸಿಟ್ಟಾಗಿ ಬಾಯಿಗೆ ಬರಬೇಕು. ಬೈದು ಹೇಳಿದವರು ಬದುಕಲಿಕ್ಕೆ ಹೇಳಿದರು, ನಕ್ಕು ಹೇಳಿದವರು ಕೆಡಲಿಕ್ಕೆ ಹೇಳಿದರು ಎನ್ನುವುದು ಉಳಿದವರಿಗೆ ಗಾದೆ ಇರಬಹುದು, ನಮಗೆ ಅದು ದಿನದ ಕೆಲಸ.

ನನ್ನ ಹೆಸರು ದ್ಯಾಮವ್ವ. ನಾನು ಹರಿಗೋಲು ಕಟ್ಟುವವಳು. ಬಿದಿರಿನ ದಬ್ಬೆ ಹೆಣೆದು, ಮೇಲೆ ತೊಗಲು ಹೊದಿಸಿ ಹೊಲಿದು, ಬುಟ್ಟಿಯಂಥ ದುಂಡನೆಯ ದೋಣಿ ಮಾಡುವುದು ನಮ್ಮಪ್ಪನಿಂದ ಬಂದ ಕಸುಬು. ಹರಿಗೋಲಿಗೆ ಬೈಯುವ ಹೊತ್ತು ಒಂದೇ: ಮೊದಲ ಸಲ ನೀರಿಗೆ ಇಳಿಸುವಾಗ, ಕಟ್ಟಿದವರೇ, ಬಾಯಿ ತುಂಬ. ಅದೊಂದು ಸರಿಯಾಗಿ ಆದರೆ ತೊಗಲು ಬಿಗಿದುಕೊಂಡು ವರ್ಷಗಟ್ಟಲೆ ಹನಿ ನೀರನ್ನು ಒಳಗೆ ಬಿಡುವುದಿಲ್ಲ. ಬೈಯದೆ ಇಳಿಸಿದ ಹರಿಗೋಲು ದಡದಲ್ಲೇ ಸೋರಿ ಮಾನ ಕಳೆಯುತ್ತದೆ, ಅಷ್ಟೇ. ಆದರೆ ಮನಸ್ಸಿಲ್ಲದೆ ಬೈದು ಇಳಿಸಿದ್ದು ದೊಡ್ಡ ಮೋಸಗಾರ. ಅದು ದಡದಲ್ಲಿ ಸಾಧುವಿನ ಹಾಗೆ ತೇಲಿ, ಹೊಳೆಯ ನಡುವೆ ಹೋದ ಮೇಲೆ ಬಾಯಿ ಬಿಡುತ್ತದೆ.

ನಾನು ಕಟ್ಟಿದ್ದರಲ್ಲಿ ಕೂರಬೇಕಾದವಳು ನನ್ನ ತಂಗಿ ಶಾವಂತ್ರಿ. ಹೊಳೆ ದಾಟಿಸುವ ಸರ್ಕಾರಿ ಕಡವಿನಲ್ಲಿ ಹುಟ್ಟು ಹಾಕುವ ಕೆಲಸ ಅವಳದು. ಆಚೆ ದಡದವರು ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಬರುವುದು ಅವಳ ಹರಿಗೋಲಿನಲ್ಲಿ. ನಮ್ಮಿಬ್ಬರಿಗೆ ಮತ್ತೆ ಯಾರೂ ಇಲ್ಲ. ಮನೆ ಒಂದು, ಒಲೆ ಒಂದು. ಆದ್ದರಿಂದ ಜಲಸಾರಿಗೆ ಕಚೇರಿಯ ಜೊತೆ ನಡೆದ ವ್ಯಾಜ್ಯ ನನಗೆ ಬರೀ ವ್ಯಾಪಾರದ ಮಾತಾಗಿರಲಿಲ್ಲ. ಕಚೇರಿಯವರು ಯಾವ ದೋಣಿಗೆ ಒಪ್ಪಿಗೆ ಕೊಡುತ್ತಾರೋ ಅದರಲ್ಲಿ ನನ್ನ ತಂಗಿ ಕೂರಬೇಕಾಗಿತ್ತು.

ಅಪ್ಪ ಕಟ್ಟಿದ ಹರಿಗೋಲುಗಳಿಗೆ ತೇಪೆಯ ಮೇಲೆ ತೇಪೆ ಬಿದ್ದು ಇನ್ನು ಹೊಲಿಯಲು ಜಾಗವೇ ಇಲ್ಲ ಎಂದಾದಾಗ ಜಲಸಾರಿಗೆ ಕಚೇರಿಯವರು ಹೊಸದಕ್ಕೆ ನನ್ನೊಡನೆ ಕರಾರು ಮಾಡಿಕೊಂಡರು. ಅಪ್ಪನ ಕಾಲದಲ್ಲಿ ಎಲ್ಲ ಬಾಯಿಮಾತು. ಈಗ ಕರಾರಿನಲ್ಲಿ ಒಂದು ಸಾಲು ಇತ್ತು: ಸರಕನ್ನು ನಿಗದಿತ ಮಾನದಂಡದಂತೆ ಪರೀಕ್ಷಿಸಿ ಸ್ವೀಕರಿಸಲಾಗುವುದು. ಪರೀಕ್ಷೆ ಅಂದರೆ ನೀರಿಗಿಳಿಸಿ ನೋಡುತ್ತಾರೆ, ಇನ್ನೇನಿದೆ ಎಂದುಕೊಂಡು ಸಹಿ ಹಾಕಿದೆ. ಆ ಮಾನದಂಡ ಬರೆದದ್ದು ರಾಜಧಾನಿಯಲ್ಲಿ. ಅಲ್ಲಿ ವಸ್ತುಗಳು ಬೈಸಿಕೊಳ್ಳದೆಯೇ ಬಾಳುತ್ತವಂತೆ, ಎಂಥ ಸುಖವೋ ಏನೋ. ಕಚೇರಿಯವರು ನನ್ನ ಹರಿಗೋಲುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ, ಅಂಗಳದ ಸಿಮೆಂಟು ತೊಟ್ಟಿಯಲ್ಲಿ, ಒಳಗೆ ಕಲ್ಲು ಇಟ್ಟು, ಒಬ್ಬರೂ ತುಟಿ ಬಿಚ್ಚದೆ ಇಳಿಸಿದರು. ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಸಂಜೆಯ ಹೊತ್ತಿಗೆ ಅಷ್ಟೂ ತೊಟ್ಟಿಯ ತಳ ಸೇರಿದ್ದವು.

"ಬೈಯದ ಇಳಿಸಿದ್ರ ಮುಳುಗದ ಮತ್ತೇನ್ ಹಾರ್ತಾವೇನ್ರೀ ಸಾಹೇಬ್ರ?" ಎಂದು ಇಂಜಿನಿಯರ ಕೋಣೆಗೆ ನುಗ್ಗಿದೆ.

ಇಂಜಿನಿಯರು ಚನ್ನಕೇಶವಯ್ಯ, ರಾಜಧಾನಿಯ ಕಡೆಯವರು. ಕೆಟ್ಟ ಮನುಷ್ಯನಲ್ಲ, ಅದೇ ನನ್ನ ಕರ್ಮ. ಕೆಟ್ಟವನಾಗಿದ್ದರೆ ಒಂದೇ ದಿನದಲ್ಲಿ ಮುಗಿಸಿ ಬರುತ್ತಿದ್ದೆ. ಅವರು ಕುರ್ಚಿ ಎಳೆದು ಕೂರಿಸಿದರು. ಆ ಕುರ್ಚಿ ಯಾರಿಂದಲೂ ಸರಿಯಾಗಿ ಬೈಸಿಕೊಂಡಿರಲಿಲ್ಲವೆಂದು ಕಾಣುತ್ತದೆ, ಒಂದು ಕಡೆಗೆ ವಾಲುತ್ತಿತ್ತು.

"ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ ದ್ಯಾಮವ್ವನೋರೇ?" ಎಂದರು. "ಇಲ್ಲಿಗೆ ಬಂದ್ಮೇಲೆ ನಮ್ಮನೆ ನಲ್ಲೀಗೆ ನನ್ನ ಹೆಂಡ್ತಿ ದಿನಾ ಬೆಳಗ್ಗೆ ಬೈತಾಳೆ. ಬೈದ ಮೇಲೇನೇ ಅದು ಸೋರೋದು ನಿಲ್ಲೋದು. ಆದ್ರೆ ಮಾನದಂಡದಲ್ಲಿ ಬೈಗುಳ ಅಂತ ಇಲ್ಲವಲ್ಲ. ಇಲ್ದಿರೋದನ್ನ ನಾನು ಹೇಗಮ್ಮಾ ಮಾಡ್ಲಿ? ಮೇಲಾಗಿ ಸರ್ಕಾರಿ ಆವರಣದಲ್ಲಿ ಅವಾಚ್ಯ ಶಬ್ದ ಬಳಸೋದು ಅಪರಾಧ."

"ಹಂಗಾರ ನಿಮ್ಮ ಮಾನದಂಡ ಬರದವರನ್ನ ಕರಕೊಂಡ್ ಬರ್ರಿ, ಒಮ್ಮೆ ನಡುಹೊಳೀಗೆ ಕೂಡಿಸಿ ಕಳಸೋಣು."

"ಅದನ್ನ ಬರವಣಿಗೇಲಿ ಕೊಡಿ" ಎಂದರು.

ಕೊಟ್ಟೆ. ಅಲ್ಲಿಂದ ಶುರುವಾಯಿತು ನೋಡಿ. ನಾನು ಒಂದು ಕೊಟ್ಟರೆ ಅವರು ಒಂದು ಕೊಡುತ್ತಿದ್ದರು. ನಾನು ಸರಕಿನಲ್ಲಿ ದೋಷವಿಲ್ಲ, ಪರೀಕ್ಷೆಯಲ್ಲಿ ದೋಷವಿದೆ ಎನ್ನುವುದು. ಅವರು ಪರೀಕ್ಷೆಗೆ ಇಬ್ಬರೂ ಒಪ್ಪಿದ್ದೇವೆ ಎನ್ನುವುದು. ಅಳಿಯ ಅಲ್ಲ, ಮಗಳ ಗಂಡ. ಹೊಳೆದಂಡೆಯ ನನ್ನ ಕಸುಬು ಬಿಟ್ಟು ಕಚೇರಿಯ ಜಗುಲಿಯಲ್ಲಿ ಕೂರುವುದೇ ಕಸುಬಾಯಿತು. ಅಲ್ಲಿಯ ಜವಾನ ನನ್ನನ್ನು ಕಂಡ ಕೂಡಲೇ ಸಾಹೇಬರಿಗೆ ತಲೆನೋವಿನ ಮಾತ್ರೆ ತರಲು ಹೋಗುತ್ತಿದ್ದ. ಹಾಗಿದ್ದರೂ ಬಿಡಲಿಲ್ಲ.

ನಡುವೆ ಕಚೇರಿಯವರು ರಾಜಧಾನಿಯ ಕಾರ್ಖಾನೆಯಿಂದ ಒಂದು ದೋಣಿ ತರಿಸಿದರು. ಬೆಳ್ಳಗೆ, ನುಣ್ಣಗೆ, ನೋಡಲಿಕ್ಕೆ ಮದುಮಗಳು. ಮಾನದಂಡದ ಪರೀಕ್ಷೆಯೆಲ್ಲ ಪಾಸಾಗಿ ಮುದ್ರೆ ಒತ್ತಿಸಿಕೊಂಡು ಬಂದಿತ್ತು. ಅದಕ್ಕೆ ಬೈಯೋಣವೆಂದರೆ ಕಟ್ಟಿದವರು ಯಾರೋ, ಎಲ್ಲಿಯವರೋ. ರಾಜಧಾನಿಯ ನೀರಿನಲ್ಲಿ ತೇಲಿ ಬಂದ ಪೊಗರು, ದಡದಲ್ಲೇನೋ ತೇಲಿತು. ಶಾವಂತ್ರಿ ಸರ್ಕಾರಿ ಆಳು, ಒಲ್ಲೆ ಎನ್ನುವ ಹಾಗಿರಲಿಲ್ಲ. ಪುಣ್ಯಕ್ಕೆ ಅವತ್ತು ಜನರನ್ನು ಹತ್ತಿಸದೆ ಒಬ್ಬಳೇ ಹೋಗಿದ್ದಳು. ನಡುಹೊಳೆಯಲ್ಲಿ ಆ ಮದುಮಗಳು ಬುಡ ಬಿಚ್ಚಿ ಒಂದೇ ಗುಟುಕಿಗೆ ಕೆಳಗೆ ಹೋಯಿತು. ಶಾವಂತ್ರಿ ಹುಟ್ಟನ್ನು ಅವಚಿಕೊಂಡು ಈಜುತ್ತ ಎಷ್ಟೋ ಕೆಳಗೆ ದಡ ಸೇರಿ, ನಡೆದು ಮನೆಗೆ ಬಂದಳು. ಹಣೆಗೆ ಗಾಯವಾಗಿತ್ತು. ನಾನು ಒಣ ಸೀರೆ ಕೊಟ್ಟೆ, ಅರಿಸಿನ ಹಚ್ಚಿದೆ, ಕಾಯಿಸಿದ ಹಾಲು ಕೊಟ್ಟೆ. ಆಮೇಲೆ ಸೀದಾ ಕಚೇರಿಗೆ ಹೋಗಿ ಸಂಜೆಯ ತನಕ ಕೂಗಾಡಿದೆ. ಆ ಕೂಗಾಟದಿಂದಲೇ ಕಾರ್ಖಾನೆಯ ದೋಣಿ ರದ್ದಾಗಿ, ನನ್ನ ಮೇಲ್ಮನವಿ ರಾಜಧಾನಿಗೆ ಹೋಯಿತು.

ರಾಜಧಾನಿಯವರು ಒಂದು ಸಮಿತಿ ಮಾಡಿದರು. ಬೈಗುಳ ಅವಶ್ಯವೆಂದು ಸರಬರಾಜುದಾರರು ಹೇಳುವುದರಿಂದ, ಎಲ್ಲ ಸರಕಿಗೂ ಒಂದೇ ತೆರನಾದ ಪ್ರಮಾಣಿತ ಬೈಗುಳವನ್ನು ರಚಿಸುವುದು ಎಂದು ತೀರ್ಮಾನ. ಸಮಿತಿಯವರು ನಮ್ಮೂರಿಗೆ ಬಂದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಓಣಿ ಓಣಿ ತಿರುಗಿ ಬೈಗುಳ ಕೇಳಿದರು. ಒಬ್ಬೊಬ್ಬರ ಬಾಯಿಂದ ಒಂದೊಂದು ಮುತ್ತು ಉದುರಿತು. ಆಮೇಲೆ ಆರಿಸಲು ಕೂತರು. 'ಕತ್ತೆ' ಎಂದರೆ ಅಗಸರಿಗೆ ನೋವಾಗುತ್ತದೆ, ತೆಗೆಯಿರಿ. 'ಮುಂಡೇದು' ಹೆಣ್ಣುಮಕ್ಕಳಿಗೆ ಅವಮಾನ, ತೆಗೆಯಿರಿ. 'ಹಾಳಾಗಿ ಹೋಗು' ಎನ್ನುವ ಹಾಗೇ ಇಲ್ಲ. ಸರ್ಕಾರಿ ಸ್ವತ್ತು ಹಾಳಾಗಲಿ ಎಂದು ಕೋರುವುದು ಕಾನೂನಿಗೆ ವಿರುದ್ಧ. ಹೀಗೆ ಸೋಸಿ ಸೋಸಿ ಕೊನೆಗೆ ಉಳಿದದ್ದನ್ನು ಅಚ್ಚು ಹಾಕಿಸಿ ಕಳಿಸಿದರು. ತೊಟ್ಟಿಯ ಮುಂದೆ ಗುಮಾಸ್ತ ಕನ್ನಡಕ ಏರಿಸಿಕೊಂಡು ಅದನ್ನು ಓದಿದ:

"ಎಲೈ ಹರಿಗೋಲೇ, ನಿನ್ನ ನಡತೆಯು ಇಲಾಖೆಗೆ ಸಮಾಧಾನಕರವಾಗಿ ಕಂಡುಬಂದಿರುವುದಿಲ್ಲ. ನೀನು ಸೋರುವ ಸಂಭವವಿರುವುದರಿಂದ ನಿನ್ನನ್ನು ಈ ಮೂಲಕ ತೀವ್ರವಾಗಿ ಖಂಡಿಸಲಾಗಿದೆ. ಇನ್ನು ಮುಂದಾದರೂ ಎಚ್ಚರ ವಹಿಸತಕ್ಕದ್ದು."

ಅವನು 'ತಕ್ಕದ್ದು' ಎನ್ನುವ ಹೊತ್ತಿಗೆ ಹರಿಗೋಲಿನಲ್ಲಿ ಮೊಣಕಾಲುದ್ದ ನೀರು. ನನಗೆ ನಗು ಬರಬೇಕಾಗಿತ್ತು. ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಚನ್ನಕೇಶವಯ್ಯನವರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಮಾತ್ರ ಮೈಯೆಲ್ಲ ಭಾರವಾದಂತಾಗಿ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಇನ್ನೂ ಒಂದು ಅರ್ಜಿ ಕೊಡಬೇಕಲ್ಲಪ್ಪ ಎನ್ನುವುದೊಂದೇ ತಲೆಯಲ್ಲಿತ್ತು.

ಆ ದಿನಗಳಲ್ಲಿ ಮನೆಗೆ ಬಂದರೆ ಮಾತಾಡಲು ತ್ರಾಣವಿರುತ್ತಿರಲಿಲ್ಲ. ಶಾವಂತ್ರಿ ಬಡಿಸಿದ್ದನ್ನು ಉಂಡು ಮಲಗುತ್ತಿದ್ದೆ. ಮಲಗಿದರೂ ನಾಳೆ ಕಚೇರಿಯಲ್ಲಿ ಏನು ಹೇಳಬೇಕು, ಅವರು ಹಾಗೆಂದರೆ ನಾನು ಹೇಗೆನ್ನಬೇಕು ಎಂದು ಒಳಗೇ ಮಗ್ಗ ನಡೆಯುತ್ತಿತ್ತು. ಅಪ್ಪನ ಹಳೆಯ ಹರಿಗೋಲು ಇನ್ನೊಂದು ಮಳೆಗಾಲ ತಡೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅದರ ಮಾತನ್ನೂ ಆಡುತ್ತಿರಲಿಲ್ಲ.

ಕೊನೆಗೂ ತೀರ್ಪು ಬಂತು. ಸರಬರಾಜುದಾರಳು ಹೊಳೆಯ ದಡದಲ್ಲೇ, ತನ್ನದೇ ಮಾತಿನಲ್ಲಿ, ತನ್ನ ಸರಕಿಗೆ ಬೈಯಬಹುದು. ಆಮೇಲೆ ಹರಿಗೋಲು ಒಮ್ಮೆ ಆಚೆ ದಡಕ್ಕೆ ಹೋಗಿ ಬರಬೇಕು. ಪಾಸಾದರೆ ಕರಾರು ಊರ್ಜಿತ. ಆಗದಿದ್ದರೆ ಕರಾರೂ ರದ್ದು, ಕಡವೂ ಬಂದ್; ಜನ ಮೇಲಿನ ಸೇತುವೆ ಸುತ್ತಿ ಬರತಕ್ಕದ್ದು. ಮತ್ತೆ ಮನವಿಗೆ ಅವಕಾಶವಿಲ್ಲ. ಓಣಿಯವರು ಬಂದು ನನ್ನ ಬೆನ್ನು ತಟ್ಟಿದರು. "ಗೆದ್ದಿ ಬಿಡವ್ವಾ! ಇನ್ನ ನಿನ್ನ ಬಾಯಿಗೆ ಹಬ್ಬ" ಎಂದ ಯಂಕೋಬ. ನಾನು ಹೂಂ ಎಂದೆ.

ಪರೀಕ್ಷೆಯ ದಿನ ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ದಡದ ಮೇಲೆ ಅರ್ಧ ಊರು ನೆರೆದಿತ್ತು. ಚನ್ನಕೇಶವಯ್ಯನವರು ಛತ್ರಿ ಹಿಡಿದು ಬಂದರು. ಈ ವ್ಯಾಜ್ಯ ಶುರುವಾದಾಗ ಅವರ ತಲೆ ಕಪ್ಪಗಿತ್ತು, ಈಗ ನೋಡಿದರೆ ನರೆತಿತ್ತು.

"ಇವತ್ತು ಮುಗಿಸಿಬಿಡೋಣ ದ್ಯಾಮವ್ವನೋರೇ. ನನಗೂ ಸಾಕಾಗಿದೆ, ನಿಮಗೂ ಸಾಕಾಗಿದೆ" ಎಂದರು.

ಹೊಸ ಹರಿಗೋಲನ್ನು ನೀರಿನ ಅಂಚಿಗೆ ತಂದಿಟ್ಟರು. ಹೊಲಿಗೆ ನಾನೇ ಹಾಕಿದ್ದು, ಅದರಲ್ಲಿ ಒಂದು ಕುಂದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ನಿಂತೆ. ಬಾಯಿ ತೆರೆದೆ. ಏನೂ ಬರಲಿಲ್ಲ. ನಮ್ಮಪ್ಪ ಹೀಗೆ ನಿಂತರೆ ಹೊಳೆಯ ಮೀನೂ ಹೆದರುತ್ತಿತ್ತು. ನಾನೂ ಹಿಂದೆ ಹಾಗೇ ಇದ್ದೆ. ಈಗ ಹೊಟ್ಟೆಯೊಳಗೆ ಕೈ ಹಾಕಿ ಹುಡುಕಿದರೂ ಒಂದು ಕೆಂಡವಿಲ್ಲ. ಜನ ಕಾಯುತ್ತಿದ್ದರು. ಗುಮಾಸ್ತ ಲೇಖನಿ ಹಿಡಿದು ನಿಂತಿದ್ದ.

"ಏ ದರಬೇಸಿ" ಎಂದೆ. "ಹೊಟ್ಟಿಬಾಕ, ತೊಗಲಿನ ಮೂಟಿ. ನನ್ನ ತಂಗೀನ ನಡುನೀರಾಗ ಕೈಬಿಟ್ಟೀದಿ ಅಂದ್ರ ನಿನ್ನ ಸೀಳಿ ಒಲೀಗೆ ಹಾಕ್ತೀನಿ. ನಿನ್ನ ಜನ್ಮಕ್ಕ ಬೆಂಕಿ ಹಚ್ಚ. ಹನಿ ನೀರು ಒಳಗ ಬಿಟ್ಟೆಂದ್ರ ನಿನ್ನ ಎಲುಬು ಎಣಿಸಿ ಮುರೀತೀನಿ, ನೆಪ್ಪಿಟ್ಕೋ."

ಮಾತುಗಳು ಎಲ್ಲ ಸರಿಯಾಗಿದ್ದವು. ಒಂದೂ ಬಿಟ್ಟುಹೋಗಿರಲಿಲ್ಲ. ಆದರೆ ಸಂತೆಯಲ್ಲಿ ಕಾಯಿಪಲ್ಯೆಯ ದರ ಹೇಳಿದ ಹಾಗೆ ಹೇಳಿದ್ದೆ. ಸುತ್ತ ನಿಂತವರು ಗಲಾಟೆಯಲ್ಲಿ ಅದನ್ನು ಗಮನಿಸಲಿಲ್ಲ, ಶಿಳ್ಳೆ ಹೊಡೆದರು. ಹರಿಗೋಲನ್ನು ನೀರಿಗೆ ನೂಕಿದರು. ಅದು ತೇಲಿತು. ಚನ್ನಕೇಶವಯ್ಯನವರು ಬಗ್ಗಿ ಒಳಗೆ ಕೈಯಾಡಿಸಿ, ಒಣ ಅಂಗೈಯನ್ನು ಎಲ್ಲರಿಗೂ ತೋರಿಸಿದರು. ಇಷ್ಟು ವರ್ಷಗಳಲ್ಲಿ ಅವರು ಬಾಯಿ ತುಂಬ ನಕ್ಕದ್ದು ಅವತ್ತೇ.

ಶಾವಂತ್ರಿ ನೆರಿಗೆ ಎತ್ತಿ ಕಟ್ಟಿಕೊಂಡು ಹತ್ತಿ ಕೂತಳು. ನನ್ನ ಕಡೆ ಒಂದು ಸಲ ನೋಡಿದಳು. ಹುಟ್ಟನ್ನು ನೀರಿಗೆ ಹಾಕಿದಳು.

ನನಗೆ ಬೇಕಾದದ್ದು ಇದೇ ಆಗಿತ್ತಲ್ಲ. ಸುಮ್ಮನೆ ನಿಂತರೆ ಸಾಕಾಗಿತ್ತು. ಯಾರಿಗೆ ಗೊತ್ತು, ನಡುಹೊಳೆ ದಾಟಿದರೂ ದಾಟೀತು ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ದಣಿದಿದ್ದೆ. ಆದರೆ ಹರಿಗೋಲು ದಡ ಬಿಡುತ್ತಿದ್ದ ಹಾಗೆ ನನ್ನ ಕಾಲುಗಳು ತಾವಾಗಿ ನೀರಿಗಿಳಿದವು. ಅದರ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದೆ.

"ಸಾಹೇಬ್ರ, ಇದು ಫೇಲ್. ಫೇಲ್ ಅಂತ ಬರೀರಿ."

"ಏನಂದ್ರಿ?"

"ನಾ ಬೈದದ್ದು ಸುಳ್ಳು. ಇದು ನಡುವಿಗೆ ಹೋಗಿ ಬಾಯಿ ಬಿಡ್ತದ."

ಚನ್ನಕೇಶವಯ್ಯನವರ ಕೈಯಿಂದ ಛತ್ರಿ ಜಾರಿತು. "ಅಲ್ರೀ ಅಮ್ಮಾ, ತೇಲ್ತಾ ಇದೆ! ಕಣ್ಣೆದುರಿಗೇ ತೇಲ್ತಾ ಇದೆ! ನಿಜವಾದ ಬೈಗುಳ, ಸುಳ್ಳು ಬೈಗುಳ ಅಂತ ತೀರ್ಪಲ್ಲಿ ಎಲ್ಲಿದೆ? ನೀವು ಬೈಬೇಕು, ಅದು ತೇಲಬೇಕು. ಎರಡೂ ಆಯ್ತು. ಇನ್ನು ಹೋಗಿ ಬರೋದೊಂದೇ ಬಾಕಿ."

"ನಿಮ್ಮ ತೀರ್ಪಿಗೆ ಸಾಕ್ರೀ. ನನಗ ಸಾಲೂದಿಲ್ಲ."

"ಹಾಗಾದ್ರೆ ಸರಿಯಾಗಿ ಬೈರಿ! ಈಗ್ಲೇ ಬೈರಿ!"

"ಇಲ್ರೀ. ಸಿಟ್ಟು ಉಳದಿಲ್ಲ. ಇದ್ದದ್ದೆಲ್ಲ ನಿಮ್ಮ ಕಚೇರ್ಯಾಗ ಖರ್ಚಾಗಿ ಹೋತು."

ಅವರು ದಡದ ಕಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಮೆಲ್ಲಗೆ, "ಬರೆದ್ರೆ ಎಲ್ಲಾ ಮುಗೀತು. ನಿಮ್ಮ ಕಸುಬೂ ಹೋಯ್ತು, ನಿಮ್ಮ ತಂಗಿ ಕೆಲಸಾನೂ ಹೋಯ್ತು. ನೋಡಿ ಹೇಳಿ" ಎಂದರು.

"ಬರೀರಿ" ಎಂದೆ.

ಬರೆದರು. ಯಂಕೋಬ ಛತ್ರಿ ಎತ್ತಿ ಅವರ ಕೈಗೆ ಕೊಟ್ಟ.

ಶಾವಂತ್ರಿ ಮಾತ್ರ ಇನ್ನೂ ಹರಿಗೋಲಿನಲ್ಲೇ ಕೂತಿದ್ದಳು. "ಇಳಿಯವ್ವಾ, ಮನೀಗೆ ಹೋಗೋಣು" ಎಂದೆ. ಅವಳು ಅಲುಗಲಿಲ್ಲ.

"ನನಗ ಗೊತ್ತಿತ್ತು" ಎಂದಳು.

"ಏನ್ ಗೊತ್ತಿತ್ತು?"

"ನೀ ಬಾಯಿ ತೆಗದ ಕೂಡ್ಲೇ ತಿಳೀತು, ಇದು ಬರೇ ಬಾಯಿಮಾತು ಅಂತ. ನಿನ್ನ ಬೈಗುಳ ನನಗ ಗೊತ್ತಿಲ್ಲೇನು? ಹುಟ್ಟಿದಾಗಿಂದ ಕೇಳೀನಿ."

"ಗೊತ್ತಿದ್ದೂ ಹತ್ತಿ ಕೂತೇನು? ಹುಟ್ಟು ಹಾಕಿದೇನು?"

ಶಾವಂತ್ರಿ ಹುಟ್ಟನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. "ಮತ್ತೇನ್ ಮಾಡ್ಲಿ ಅಕ್ಕಾ? ಕಾರ್ಖಾನಿ ದೋಣಿ ಮುಳುಗಿದಾಗ ಸತ್ತು ಬದುಕಿ ಬಂದ್ನಿ. ಯಾಕ ಹತ್ತಿದಿ ಅಂತ ಒಂದು ಮಾತು ಬೈತಿ ಅಂದ್ಕೊಂಡು ಬಾಗಲದಾಗ ನಿಂತೆ. ನೀ ಹಾಲು ಕಾಸಿ ಕೊಟ್ಟು ಕಚೇರಿಗೆ ಹೋದಿ. ಆಮ್ಯಾಲ ಸಾರಿಗೆ ಬೇಕಂತ ಉಪ್ಪು ಸುರದೆ. ಸುಮ್ಮನ ಉಂಡಿ. ಗಡಿಗಿ ಒಡದೆ, ಹೋಗ್ಲಿ ಬಿಡವ್ವಾ ಅಂದಿ. ಬೀಗರ ಕೂಡ ಮಾತಾಡಿದಂಗ ಮಾತಾಡ್ತೀ ನನ್ನ ಕೂಡ. ಸಾಹೇಬ್ರಿಗೆ ದಿನಾ ಬೈತಿದ್ದಿ, ಗುಮಾಸ್ತಗ ಬೈತಿದ್ದಿ, ನನಗ ಒಂದು ಮಾತಿಲ್ಲ. ಇವಳು ನನ್ನ ಕೈಬಿಟ್ಟಾಳ ಅಂದ್ಕೊಂಡೆ. ಹಂಗಿದ್ದ ಮ್ಯಾಲ ಯಾವ ದೋಣಿ ಆದ್ರೇನು."

ನನ್ನ ಅಂಗಾಲಿನಿಂದ ಏನೋ ಏರಿಕೊಂಡು ಬಂತು. ಅವಳ ರಟ್ಟೆ ಹಿಡಿದು ಹರಿಗೋಲಿನಿಂದ ನೀರಿಗೆ ಎಳೆದು ನಿಲ್ಲಿಸಿದೆ.

"ಹುಚ್ಚ ಖೋಡಿ!" ಎಂದೆ. ನನ್ನ ದನಿ ಆಚೆ ದಡಕ್ಕೆ ಬಡಿದು ಬಂತು. "ಗೂಬಿ! ತಲಿಯಾಗ ಸಗಣಿ ತುಂಬ್ಯದೇನು? ಗೊತ್ತಿದ್ದೂ ಹತ್ತಿ ಕೂಡ್ತೀಯಾ? ಆ ಕೆಂಪ ನೀರು ನೋಡಿದೇನು, ಎಮ್ಮಿ? ನೀ ಹೋಗಿದ್ರ ನಾ ಯಾರಿಗೆ ಅಕ್ಕ ಆಗಬೇಕಿತ್ತು, ಆ ಇಂಜಿನಿಯರಿಗೇನು? ಉಪ್ಪು ಸುರೀತಾಳಂತ ಉಪ್ಪು! ಬಾಯಿ ಇರಲಿಲ್ಲೇನು ನಿನಗ, ಅಕ್ಕಾ ಬೈಯಿ ಅಂತ ಕೇಳಾಕ? ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇನ್ನೊಮ್ಮೆ ನನ್ನ ಕ್ಯಾಳದ ನೀರಿಗಿಳದಿ ಅಂದ್ರ ಕಾಲ ಮುರದು ಮೂಲ್ಯಾಗ ಕೂಡಸ್ತೀನಿ, ಹಲ್ಕಟ್, ಅವಿವೇಕಿ, ನನ್ನ ಹೊಟ್ಟಿ ಉರಸಾಕ ಹುಟ್ಟಿದವಳ!"

ಹಿಂದಿನಿಂದ ಗುಮಾಸ್ತ, "ಸರ್, ಇದನ್ನೂ ಬರ್ಕೋಬೇಕಾ?" ಎಂದದ್ದು ಕೇಳಿಸಿತು. "ಬೇಡ ಕಣಯ್ಯ, ಬಾ ಹೋಗೋಣ" ಎಂದರು ಚನ್ನಕೇಶವಯ್ಯ.

ನನಗೆ ಉಸಿರು ಕಟ್ಟಿ ಕೆಮ್ಮು ಬಂತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಶಾವಂತ್ರಿ ಮೊಣಕಾಲುದ್ದ ನೀರಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಕೆಮ್ಮಿ ಮುಗಿಸುವ ತನಕ ಕಾದು, ಹತ್ತಿರ ಬಂದು ನನ್ನ ಸೆರಗು ಹಿಡಿದುಕೊಂಡಳು.

"ಹೂಂ" ಎಂದಳು, "ಇನ್ನೂ ಬೈಯಿ."